ಹೊಂಬೆಟ್ಟವನ್ನು ಎಳೆದ ಮುಗಿಲ್ಗುದುರೆ

ಬಹಳ ಹಿಂದೆ, ಬೆಟ್ಟಗಳು ಒಂದೇ ಕಡೆ ನಿಲ್ಲುವುದನ್ನು ಇನ್ನೂ ಕಲಿಯದಿದ್ದ ಕಾಲದಲ್ಲಿ, ಹೊಂಬೆಟ್ಟ ಎಂಬ ರಾಜ್ಯವಿತ್ತು. ಅದರ ಕೆಳಗೆ ಕರಿಮಡು ಎಂಬ ಸರೋವರ. ಕರಿಮಡುವಿಗೆ ತಳವಿರಲಿಲ್ಲ. ಅದರ ಆಚೆ ದಡದಲ್ಲಿ ಕಾರ್ಗೋಡ ಎಂಬ ಮಾಂತ್ರಿಕನಿದ್ದ.

ಹೊಂಬೆಟ್ಟದ ದೊರೆ ಚಂದ್ರಶೀಲ ತನಗೆ ತಲೆಬಾಗಲಿಲ್ಲವೆಂದು ಕಾರ್ಗೋಡನಿಗೆ ಕೋಪ. ಅವನು ಹೊಗೆಯಿಂದ ಒಂದು ಸರಪಳಿ ಹೆಣೆದ. ಒಂದು ತುದಿಯನ್ನು ಬೆಟ್ಟದ ಬುಡದ ಬಂಡೆಗೆ ಬಿಗಿದ. ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೇ ಗಂಟು ಹಾಕಿಕೊಂಡ. ತನ್ನನ್ನು ಎಳೆಯಬಲ್ಲವರು ಯಾರೂ ಇಲ್ಲವೆಂಬ ಗರ್ವ ಅವನದು. ದಿನಕ್ಕೊಂದು ಹೆಜ್ಜೆ ಅವನು ಹಿಂದಕ್ಕೆ ಇಡುತ್ತಿದ್ದ. ಕೋಟೆ, ಗದ್ದೆ, ಬಾವಿಗಳ ಸಮೇತ ಇಡೀ ರಾಜ್ಯ ಒಂದು ಹೆಜ್ಜೆ ಮಡುವಿನತ್ತ ಜಾರುತ್ತಿತ್ತು. ಬೆಟ್ಟವನ್ನು ಹಿಂದಕ್ಕೆಳೆಯಲು ದೊರೆ ನೂರು ಆನೆಗಳನ್ನು ಕಟ್ಟಿಸಿದ. ಆನೆಗಳೂ ಜಾರಿದವು.

ಆ ರಾಜ್ಯದಲ್ಲಿ ಕುದುರೆಗೆ ಕೊರಳಪಟ್ಟಿ ಹೊಲಿಯುವ ಮನೆ ಒಂದೇ ಇತ್ತು. ತಾಯಿ ಸಾಂತವ್ವ, ಮಗಳು ಜಕ್ಕಲೆ. ಅವರು ಹೊಲಿದ ಪಟ್ಟಿ ಕುದುರೆಯ ಗಂಟಲನ್ನು ಎಷ್ಟು ಬಿಗಿಯಾಗಿ ಅಪ್ಪುತ್ತಿತ್ತೆಂದರೆ ನಡುವೆ ಒಂದು ಬೆರಳೂ ತೂರುತ್ತಿರಲಿಲ್ಲ. ಏಳು ತಲೆಮಾರಿನಿಂದ ಅದೇ ಅವರ ಹೆಮ್ಮೆ. ಕುದುರೆ ಸವಾರಿಗಷ್ಟೇ ಸರಿ, ಭಾರ ಎಳೆಯಲಾರದು ಎಂದು ಆ ನಾಡಿನ ಜನ ನಂಬಿದ್ದರು.

ಸಾಂತವ್ವ ತನ್ನ ದಬ್ಬಳ ಹಿಡಿದು ಸರಪಳಿಯ ಕೊಂಡಿ ಬಿಡಿಸಲು ಹೋದಳು. ಅವಳ ಅಂಗೈ ಸರಪಳಿಗೆ ಅಂಟಿಕೊಂಡಿತು. ಎಷ್ಟು ಎಳೆದರೂ ಬಿಡಲಿಲ್ಲ. ಮಡುವಿನ ನೀರು ಅವಳ ಪಾದ ಮುಟ್ಟಿತು. ಇನ್ನು ಮೂರು ದಿನ ಕಳೆದರೆ ತಲೆ ಮುಳುಗುತ್ತಿತ್ತು.

ಜಕ್ಕಲೆ ಬೆಟ್ಟದ ತುದಿಗೆ ಓಡಿದಳು. ಅಲ್ಲಿ ಮುಗಿಲೇ ಕುದುರೆಯಾಗಿ ಇಳಿದು ಬಂದಿದ್ದ ಮುಗಿಲ್ಗುದುರೆ ಮೇಯುತ್ತಿತ್ತು. ಅದರ ಎದೆ ಕೋಟೆಯ ಬಾಗಿಲಿನಷ್ಟು ಅಗಲ. ಗೊರಸು ಒಂದೊಂದೂ ರುಬ್ಬುವ ಕಲ್ಲಿನಷ್ಟು. ಅದು ಉಸಿರು ಬಿಟ್ಟಾಗ ಕಣಿವೆಯಲ್ಲಿ ಮಂಜು ಇಳಿಯಿತು. ಜಕ್ಕಲೆ ಕೈಮುಗಿದು ನಿಂತಳು.

"ಬಂದದ್ದು ಯಾಕೆಂದು ಗೊತ್ತು," ಎಂದಿತು ಕುದುರೆ. "ಎಳೆಯುತ್ತೇನೆ. ಆದರೆ ಮನುಷ್ಯರ ಪಟ್ಟಿ ನನಗೆ ಈವರೆಗೆ ಒಗ್ಗಿಲ್ಲ. ಮೂರು ಸಲ ತೊಡಿಸು. ಮೂರನೆಯದೂ ಒಗ್ಗದಿದ್ದರೆ ಮುಗಿಲಾಗಿ ಹೋಗಿಬಿಡುತ್ತೇನೆ."

ಮೊದಲ ದಿನ ಜಕ್ಕಲೆ ಎಮ್ಮೆಯ ಚರ್ಮದ ಪಟ್ಟಿ ಹೊಲಿದಳು. ಬೆರಳು ತೂರದಂತೆ ಗಂಟಲಿಗೆ ಬಿಗಿದು, ಅದರ ಹಗ್ಗವನ್ನು ಬೆಟ್ಟದ ಬಂಡೆಗೆ ಕಟ್ಟಿದಳು. ಕುದುರೆ ಎಳೆಯಿತು, ಕೆಮ್ಮಿತು, ನಿಂತಿತು. ನೀರು ಸಾಂತವ್ವನ ಮೊಣಕಾಲಿಗೆ ಬಂತು.

ಎರಡನೆಯ ದಿನ ಚಿನ್ನದ ಎಳೆ ಸೇರಿಸಿ ರೇಷ್ಮೆಯ ಪಟ್ಟಿ ಹೊಲಿದಳು. "ಇನ್ನೂ ಬಿಗಿ ಮಾಡು ತಾಯಿ," ಎಂದ ದೊರೆ. ಇನ್ನೂ ಬಿಗಿದಳು. ಕುದುರೆ ಎಳೆಯಿತು, ಕೆಮ್ಮಿತು, ಮಂಡಿಯೂರಿತು. ನೀರು ಸಾಂತವ್ವನ ಎದೆಗೆ ಬಂತು.

ಆಚೆ ದಡದಿಂದ ಕಾರ್ಗೋಡ ಗಹಗಹಿಸಿದ. "ಏನಮ್ಮ ಜಕ್ಕಲೆ, ಕುದುರೆಗೆ ಜರತಾರಿ ನೇಣು ಹೊಲಿದೆಯಾ? ಚೆನ್ನಾಗಿದೆ, ಚೆನ್ನಾಗಿದೆ!"

ಜಕ್ಕಲೆ ಬೆಚ್ಚಿದಳು. ಪಟ್ಟಿಯನ್ನು ಬಿಚ್ಚಿ ಮಡಚಿ ತನ್ನ ಗಂಟಲಿಗೆ ಬಿಗಿದುಕೊಂಡಳು. ತುದಿಯನ್ನು ಬಂಡೆಗೆ ಕಟ್ಟಿ ಮುಂದಕ್ಕೆ ಎಳೆದಳು. ಕಣ್ಣು ಕತ್ತಲೆಗಟ್ಟಿತು.

"ಅವ್ವ," ಎಂದು ಏದುಸಿರು ಬಿಟ್ಟಳು, "ಉಸಿರೇ ಆಡುವುದಿಲ್ಲ!"

"ನೀರಿನ ಕಾವಡಿ ಎಲ್ಲಿ ಹೊರುತ್ತೀಯೆ? ಗಂಟಲಲ್ಲೋ, ಹೆಗಲಲ್ಲೋ?" ಎಂದು ನೀರಿನೊಳಗಿಂದಲೇ ಕೇಳಿದಳು ಸಾಂತವ್ವ.

"ಹೆಗಲಲ್ಲಿ."

"ಮತ್ತೆ?"

"ಏಳು ತಲೆಮಾರಿನ ಅಳತೆ ತಪ್ಪೇ ಅವ್ವ?"

"ತಪ್ಪು. ನಾನು ಹೊಲಿದದ್ದೂ ತಪ್ಪು. ಈಗ ಅಳುತ್ತ ಕೂರಬೇಡ. ನನ್ನ ಸೆರಗು ಹರಿದುಕೋ, ಒಳಗೆ ಹುಲ್ಲು ತುಂಬು. ಹೊಲಿಗೆ ಸೊಟ್ಟಗಾದೀತು, ಜೋಕೆ."

ಮೂರನೆಯ ದಿನ ನೀರು ಸಾಂತವ್ವನ ಗಲ್ಲ ಮುಟ್ಟಿತ್ತು. ಜಕ್ಕಲೆ ದಪ್ಪನೆಯ, ಮೆತ್ತನೆಯ ಹೆಗಲುಪಟ್ಟಿ ತಂದಳು. ಮೊದಲು ತನ್ನ ಹೆಗಲಿಗೆ ಹಾಕಿಕೊಂಡು ಹತ್ತು ಹೆಜ್ಜೆ ನಡೆದಳು. ಎಲ್ಲಿಯೂ ಒತ್ತಲಿಲ್ಲ. ಆಮೇಲೆ ಕುದುರೆಗೆ ತೊಡಿಸಿದಳು. ಗಂಟಲಿನ ಬಳಿ ಅಂಗೈ ತೂರಿಸಿ ನೋಡಿದಳು. ಅಂಗೈ ಸಲೀಸಾಗಿ ಆಡಿತು.

ಕುದುರೆ ತಲೆ ತಗ್ಗಿಸಿ ಹೆಗಲು ಕೊಟ್ಟಿತು. ನೆಲ ನಡುಗಿತು. ಹೊಂಬೆಟ್ಟ ಹಿಂದಕ್ಕೆ ಸರಿಯಿತು!

ಕಾರ್ಗೋಡ ಮಿಂಚು ಎಸೆದ. ಅದು ಕುದುರೆಯ ಹಣೆಗೆ ಬಡಿದು ಬಿಳಿಯ ಪಟ್ಟೆಯಾಗಿ ಉಳಿಯಿತು. ಕುದುರೆ ನಿಲ್ಲಲಿಲ್ಲ. ಅವನು ಮಡುವಿನ ನೊರೆಯನ್ನು ಅದರ ಕಾಲಿಗೆ ಸುತ್ತಿದ. ನೊರೆ ಗೊರಸು ಮುಚ್ಚುವ ಬಿಳಿಯ ಕೂದಲಾಯಿತು. ಕುದುರೆ ನಿಲ್ಲಲಿಲ್ಲ. ಅವನು ಸಿಡಿಲಿನಂತೆ ಗರ್ಜಿಸಿದ. ಕುದುರೆ ಕಿವಿಯನ್ನೂ ಅಲುಗಿಸಲಿಲ್ಲ.

ಸರಪಳಿ ಬಿಗಿಯಾಯಿತು. ಕಾರ್ಗೋಡ ದಡದ ಅಂಚಿಗೆ ಬಂದ. "ನಿಲ್ಲಿಸಿ! ಬಿಚ್ಚಿಬಿಡುತ್ತೇನೆ!" ಎಂದು ಕೂಗಿದ. ಆದರೆ ಯಾರೂ ಬಿಚ್ಚಬಾರದೆಂದು ಅವನೇ ಮಂತ್ರಿಸಿ ಹಾಕಿದ ಗಂಟು ಅದು. ಅವನಿಗೂ ಬಿಚ್ಚಲಾಗಲಿಲ್ಲ. ತಳವಿಲ್ಲದ ಮಡು ಅವನನ್ನು ನುಂಗಿತು. ಸರಪಳಿ ಹೊಗೆಯಾಗಿ ಹಾರಿತು. ಸಾಂತವ್ವನ ಕೈ ಬಿಟ್ಟುಕೊಂಡಿತು.

ಜಕ್ಕಲೆ ತಾಯಿಯನ್ನು ತಬ್ಬಿಕೊಂಡಳು. ಸಾಂತವ್ವ ಒದ್ದೆ ಕೈಯಿಂದ ಹೆಗಲುಪಟ್ಟಿಯನ್ನು ತಿರುಗಿಸಿ ನೋಡಿದಳು.

"ಮೂರನೆಯ ಹೊಲಿಗೆ ಸೊಟ್ಟ," ಎಂದಳು. ಆಮೇಲೆ ಮಗಳ ತಲೆ ಸವರಿದಳು.

ಮುಗಿಲ್ಗುದುರೆ ಮತ್ತೆ ಮುಗಿಲಾಗಲಿಲ್ಲ. ಹೊಂಬೆಟ್ಟದಲ್ಲೇ ಉಳಿಯಿತು. ಅದರ ಸಂತತಿಗೆಲ್ಲ ಹಣೆಯಲ್ಲಿ ಮಿಂಚಿನ ಪಟ್ಟೆ, ಕಾಲಲ್ಲಿ ನೊರೆಯಂಥ ಕೂದಲು, ಸಿಡಿಲಿಗೂ ಬೆದರದ ಮನಸ್ಸು. ಮೂರು ವರ್ಷಕ್ಕೆ ಒಂದೇ ಮರಿ ಹುಟ್ಟುತ್ತಿದ್ದುದರಿಂದ ಆ ತಳಿ ಎಂದೂ ವಿರಳವೇ. ಚಾವಟಿ ಎತ್ತಿದರೆ ಅವು ಕಲ್ಲಿನಂತೆ ನಿಲ್ಲುತ್ತಿದ್ದವು. ಹೂಡುವವನು ಪಟ್ಟಿಯನ್ನು ಮೊದಲು ತನ್ನ ಹೆಗಲಿಗೆ ಹಾಕಿಕೊಂಡು ಹತ್ತು ಹೆಜ್ಜೆ ನಡೆದರೆ ಮಾತ್ರ ಹೊರಡುತ್ತಿದ್ದವು. ಹೊಂಬೆಟ್ಟದಲ್ಲಿ ದೊರೆಯೂ ಹಾಗೆಯೇ ನಡೆದ, ಗಾಡಿಯವನೂ ಹಾಗೆಯೇ ನಡೆದ. ಅಂದಿನಿಂದ ಆ ಬೆಟ್ಟ ನಿಂತಲ್ಲೇ ನಿಂತಿತು. ಅದರ ಮೇಲಿನ ಜನ ನೆಮ್ಮದಿಯಿಂದ ಉಂಡರು, ದುಡಿದರು, ಬಾಳಿದರು.