ಎಡಗಡೆ ಹೇಳಿದ ಮಾತು

"ನನ್ನ ಕುರ್ಚಿ ಮೇಲೇ ಕಣ್ಣು ಹಾಕಿದ್ಯಾ?"

ರೆಕಾರ್ಡ್ ಫ್ಯಾಕ್ಟರಿಯ ಕೇಳುವ ಕೋಣೆಯ ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಅವಳ ಕುರ್ಚಿಯಲ್ಲಿ ಕೂತು, ಅವಳದೇ ಹೆಡ್‌ಫೋನ್ ಹಾಕಿಕೊಂಡು, ಬೆಳಿಗ್ಗೆ ಅವಳು ಕೇಳಿ, ದೋಷವಿಲ್ಲವೆಂದು ಪಾಸು ಮಾಡಿದ್ದ ಹಾಡಿನ ರೆಕಾರ್ಡನ್ನು ಕೇಳುತ್ತಿದ್ದವನು... ಅವನೇ! ರೆಕಾರ್ಡು ಅಚ್ಚೊತ್ತುವ ಯಂತ್ರ ನಡೆಸುವವನು. ಬರುವ ತಿಂಗಳು ಅವಳ ಕೈಹಿಡಿಯಬೇಕಾದವನು.

"ಹಾಗಲ್ಲ ಕಣೇ..."

"ಮತ್ತೆ ಹೇಗೆ? ನನ್ನ ಕಿವಿ ಮೇಲೆ ನಂಬಿಕೆ ಇಲ್ಲ ಅಂತ ತಾನೇ?"

ಅವನು ಹೆಡ್‌ಫೋನ್ ತೆಗೆದಿಟ್ಟು ತಲೆ ತಗ್ಗಿಸಿದ. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

"ಒಂದು ದಿನ ಆದ್ರೂ ಪ್ರೀತಿಸ್ತೀನಿ ಅಂತ ಬಾಯಿಬಿಟ್ಟು ಹೇಳಿದ್ದೀಯಾ? ಮದುವೆ ಗಿದುವೆ ಏನೂ ಬೇಡ. ಹೋಗು!"

ಅವನು ಎದ್ದು ಹಿತ್ತಿಲ ಕಡೆ ಹೊರಟುಹೋದ.

ಆ ಫ್ಯಾಕ್ಟರಿಯಲ್ಲಿ ಅವಳ ಕಿವಿ ಎಂದರೆ ಮಾಲೀಕರಿಗೂ ಭಯ. ಹೊಸ ರೆಕಾರ್ಡನ್ನು ಜನ ಆಸೆಪಟ್ಟು, ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ. ಒತ್ತುವಾಗ ಬಿಸಿ ಪ್ಲಾಸ್ಟಿಕ್ಕು ಅಚ್ಚಿನ ಗೆರೆಗಳಿಗೆ ಪೂರ್ತಿ ತುಂಬದಿದ್ದರೆ ಹಾಡಿನ ನಡುವೆ ಬಟ್ಟೆ ಹರಿದ ಹಾಗೆ ಪರಪರ ಸದ್ದು. ಅಂಥದ್ದೊಂದೂ ಅವಳ ಕೈ ದಾಟುವಂತಿರಲಿಲ್ಲ.

'ಏನು ತಪ್ಪು ಹುಡುಕಿದನೋ ನೋಡೇಬಿಡ್ತೀನಿ!'

ಕಣ್ಣೀರಲ್ಲೇ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ಅವಸರದಲ್ಲಿ ಎಡದ್ದು ಬಲಗಿವಿಗೆ ಬಂದಿತ್ತು.

ಪರಪರ... ಪರಪರ...

ಸರಿಯಾಗಿ ತಿರುಗಿಸಿ ಹಾಕಿಕೊಂಡಳು. ಹಾಡು ಮಾತ್ರ! ಮತ್ತೆ ಅದಲುಬದಲು ಮಾಡಿದಳು. ಪರಪರ...

ಆ ಸದ್ದು ಇದ್ದದ್ದು ಹೆಡ್‌ಫೋನಿನ ಎಡಬದಿಯಲ್ಲಿ ಮಾತ್ರ. ಅವಳ ಎಡಗಿವಿ ಸಣ್ಣ ಸದ್ದುಗಳನ್ನೆಲ್ಲ ಯಾವಾಗಲೋ ಕಳೆದುಕೊಂಡಿತ್ತು. ಅವಳಿಗೇ ಗೊತ್ತಿರಲಿಲ್ಲ.

ಮಾಲೀಕರ ಮುಂದೆ ಎಲ್ಲ ಹೇಳಿ, ಕೋಣೆಯ ಬೀಗದ ಕೈ ಇಟ್ಟು ಬಂದಳು. ಹಿತ್ತಿಲ ಮೆಟ್ಟಿಲ ಮೇಲೆ ಅವನು ಒಬ್ಬನೇ ಕೂತಿದ್ದ. ಅವನ ಬಲಕ್ಕೆ ಕುಸಿದು ಕೂತಳು.

"ನಿನಗೆ ಗೊತ್ತಿತ್ತು..."

"ಹೇಗೆ ಹೇಳ್ಲಿ? ಆ ಕುರ್ಚಿ ಅಂದ್ರೆ ನಿನಗೆ ಪ್ರಾಣ. ಅದಕ್ಕೇ ನೀನು ಪಾಸು ಮಾಡಿದ್ದನ್ನ ಇನ್ನೊಂದು ಸಲ ಕೇಳಿ, ಕೆಟ್ಟಿದ್ದನ್ನ ತೆಗೆದಿಡ್ತಿದ್ದೆ."

"ಗೊತ್ತಾಗಿದ್ದು ಹೇಗೆ?"

ಅವನ ದನಿ ಸಣ್ಣದಾಯಿತು. ಅವಳು ಮುಖ ತಿರುಗಿಸಿ ಬಲಗಿವಿ ಕೊಟ್ಟಳು.

"ಬಸ್ಸಲ್ಲಿ ನಿನ್ನ ಎಡಗಡೆ ಕೂತು ಮೆಲ್ಲಗೆ ಒಂದು ಮಾತು ಹೇಳಿದ್ದೆ. ನೀನು ತಿರುಗ್ಲೇ ಇಲ್ಲ. ಇಷ್ಟ ಇಲ್ಲ ಅಂದ್ಕೊಂಡು ಅವತ್ತೆಲ್ಲ ಅತ್ತೆ... ಆಮೇಲೆ ಇನ್ನೆರಡು ಸಲ ಎಡಗಡೆಯಿಂದ ಮೆಲ್ಲಗೆ ಕರೆದು ನೋಡ್ದಾಗ ಗೊತ್ತಾಯ್ತು, ನಿನಗೆ ಕೇಳಿಸಿರ್ಲೇ ಇಲ್ಲ ಅಂತ."

"ಆಮೇಲಾದ್ರೂ ಆ ಮಾತು ಯಾಕೆ ಹೇಳ್ಲಿಲ್ಲ?"

"ನಿನ್ನ ಕಿವಿ ವಿಷಯಾನ ನಿನ್ನಿಂದಲೇ ಮುಚ್ಚಿಟ್ಕೊಂಡು, ಆ ಮಾತು ಹೇಳೋಕೆ ಬಾಯೇ ಬರ್ಲಿಲ್ಲ."

ಅವಳು ಕಾದು ಕಾದು ಸೋತಿದ್ದ ಮಾತು ಅವಳ ಪಕ್ಕದಲ್ಲೇ ಬಂದು ಹೋಗಿತ್ತು!

"ಈಗ ಹೇಳ್ತೀಯಾ?"

ಅವನು ಎದ್ದು ಅವಳ ಬಲಗಡೆ ಬಂದು ಕೂತ. ಹೇಳಿದ.

ಅವಳು ಬಿಕ್ಕಿ ಬಿಕ್ಕಿ ಅತ್ತಳು. "ಇನ್ನೊಂದು ಸಲ..."

"ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣೋ... ಈ ಕಿವಿ ಇರೋವರೆಗೂ ಹೇಳ್ತಾ ಇರು."