ಬೆರಳೆತ್ತರದ ನೊರೆ

ಬಲು ಹಿಂದೆ, ಏಳು ಬೆಟ್ಟಗಳ ಆಚೆ, ಸ್ಫಟಿಕಪುರವೆಂಬ ರಾಜ್ಯವಿತ್ತು. ಜವೆಗೋಧಿಯ ಮದ್ಯ ಹುದುಗಿಸುವುದರಲ್ಲಿ ಅಲ್ಲಿ ಬಾಚಲೆಯನ್ನು ಮೀರಿಸುವವರಿರಲಿಲ್ಲ. ಅವಳ ತಮ್ಮ ಕೇತನಿಗೆ ಕೆಲಸ ಗೊತ್ತಿತ್ತು, ತಾಳ್ಮೆ ಗೊತ್ತಿರಲಿಲ್ಲ.

ಒಂದು ದಿನ, ಪರರ ಉಸಿರು ಕಟ್ಟಿಸಿ ಬದುಕುವ ಧೂಮಕನೆಂಬ ಮಾಂತ್ರಿಕ ಬಂದ. "ನನ್ನ ಕೋಟೆಗೆ ಬಾ. ಇನ್ನು ಮೇಲೆ ನನಗೊಬ್ಬನಿಗೇ ಮದ್ಯ ಮಾಡು" ಎಂದ.

"ಆಗದು" ಎಂದಳು ಬಾಚಲೆ.

ಧೂಮಕ ಊದಿದ. ಅವಳ ಪಾದಗಳು ಗಾಜಾದವು.

"ಹಾಗಾದರೆ ನಿನ್ನ ತಮ್ಮ ಮಾಡಲಿ. ಬಿರಡೆ ತೆಗೆದು ಬಗ್ಗಿಸಿದರೆ ಬೆರಳೆತ್ತರ ನೊರೆ ನಿಲ್ಲಬೇಕು. ನಿಂತರೆ ಗಾಜು ಕರಗುತ್ತದೆ. ಮೂರು ಅವಕಾಶ ಕೊಡುತ್ತೇನೆ. ಸೋತಂತೆಲ್ಲ ಗಾಜು ಮೇಲೇರುತ್ತದೆ. ನೆತ್ತಿ ಮುಟ್ಟಿತೋ, ಅಕ್ಕ ಇಲ್ಲ."

ಮೂರು ಗುಡಾಣಗಳಲ್ಲಿ ಹುದುಗಿದ ಮದ್ಯವಿತ್ತು, ನೊರೆ ಇನ್ನೂ ಬಂದಿರಲಿಲ್ಲ. ಬಾಚಲೆ ಹೇಳಿದಳು: "ಕೇಳೋ, ಇದರೊಳಗೆ ಹುದುಗು ಮಲಗಿದೆ, ಸತ್ತಿಲ್ಲ. ಮೊಳಕೆ ಜವೆಗೋಧಿಯ ಪಾಕ ಕೊಟ್ಟರೆ ಉಂಡು ಉಸಿರು ಬಿಡುತ್ತದೆ. ಆ ಉಸಿರು ಸೀಸೆಯಲ್ಲಿ ಸೆರೆಯಾದರೇ ನೊರೆ. ಒಂದು ಗುಡಾಣಕ್ಕೆ ಇಪ್ಪತ್ತು ತೊಲ ಪಾಕ. ತೂಗಿ ಹಾಕು. ಹದಿನಾಲ್ಕು ದಿನ ಮುಟ್ಟಬೇಡ."

"ತೂಗೋದ್ಯಾಕಕ್ಕ? ಇಪ್ಪತ್ತು ತೊಲದ ಸೌಟೇ ಇದೆಯಲ್ಲ."

ಕೇತ ಸೌಟಿನಲ್ಲಿ ಸುರಿದ. ಅಂಟುಪಾಕ, ಅರ್ಧದಷ್ಟು ಸೌಟಿಗೇ ಅಂಟಿಕೊಂಡು ಉಳಿಯಿತು. ಹದಿನಾಲ್ಕನೆಯ ದಿನ ಬಿರಡೆ ತೆಗೆದರೆ ನಾಲ್ಕು ಗುಳ್ಳೆ ಎದ್ದು ಅಲ್ಲೇ ಆರಿದವು.

"ಇದೇನಯ್ಯಾ, ಪಾತ್ರೆ ತೊಳೆದ ನೀರೋ?" ಧೂಮಕ ನಕ್ಕ. ಗಾಜು ಸೊಂಟಕ್ಕೇರಿತು.

ಎರಡನೆಯ ಸಲ ಕೇತ ಹೆದರಿ ಮೂರು ಸೌಟು ಸುರಿದ, ಅಂಟಿದ್ದನ್ನೂ ಕೆರೆದು ಹಾಕಿದ. ಒಂಬತ್ತನೆಯ ದಿನ ಉಸಿರು ಹೆಚ್ಚಾಗಿ ಸೀಸೆಗಳು ಒಂದರ ಹಿಂದೊಂದು ಸಿಡಿದವು. ಗಾಜು ಕುತ್ತಿಗೆಗೇರಿತು.

"ಅಂದಾಜಂತೆ ಅಂದಾಜು!" ಬಾಚಲೆ ಗದರಿದಳು. "ನಿನ್ನ ಅಂದಾಜಿಗೆ ನನ್ನ ಕುತ್ತಿಗೆಯೇ ಬೇಕಾಗಿತ್ತೇನೋ?"

"ಈ ಸಲ ನೀನು ಸೋಲುವ ತನಕ ಕಾಯುವವನಲ್ಲ ನಾನು" ಎಂದ ಧೂಮಕ. "ಗಾಜು ದಿನದಿನವೂ ಏರುತ್ತದೆ."

ಕೇತ ತಕ್ಕಡಿ ತಂದ. ಬಿಸಿನೀರಿನ ಪಾತ್ರೆಯನ್ನೇ ತಟ್ಟೆಯಲ್ಲಿಟ್ಟು ಸಮತೂಗಿಸಿದ. ಆಚೆ ತಟ್ಟೆಗೆ ಇಪ್ಪತ್ತು ತೊಲದ ಕಲ್ಲು ಸೇರಿಸಿ, ಮುಳ್ಳು ನೆಟ್ಟಗಾಗುವವರೆಗೆ ಸೌಟಿಲ್ಲದೆ, ಭರಣಿಯಿಂದ ನೇರವಾಗಿ ಆ ನೀರಿಗೇ ಪಾಕ ಬಗ್ಗಿಸಿದ. ಕುದಿಸಿದ, ಆರಿಸಿದ, ತುಳುಕದಂತೆ ಮದ್ಯಕ್ಕೆ ಬೆರೆಸಿ, ಸೀಸೆಗಳಿಗೆ ತುಂಬಿ ಬಿರಡೆ ಜಡಿದ.

ಐದನೆಯ ದಿನ ಗಾಜು ಗದ್ದ ಮುಟ್ಟಿತು. ಎಂಟನೆಯ ದಿನ ತುಟಿ ಮುಚ್ಚಿತು.

"ತೆಗೆಯೋ, ಅಕ್ಕನ ಮಾತು ನಿಂತಿತು" ಎಂದು ಧೂಮಕ ಕೆಣಕಿದ.

"ಹದಿನಾಲ್ಕು ಅಂದರೆ ಹದಿನಾಲ್ಕು."

ಹದಿಮೂರನೆಯ ದಿನ ಕಣ್ಣುಗಳಷ್ಟೇ ಉಳಿದವು. ಕೇತನ ಕೈ ಬಿರಡೆಯ ಮೇಲೆ ಹೋಯಿತು. ಅಕ್ಕ ಕಣ್ಣು ಕೆಕ್ಕರಿಸಿದಳು. ಅವನು ಕೈ ಹಿಂದೆಳೆದು, ಆ ಕೈಯ ಮೇಲೆಯೇ ಕುಳಿತ.

ಹದಿನಾಲ್ಕನೆಯ ದಿನ ಬೆಳಗಾಯಿತು. ರೆಪ್ಪೆಯ ಅಂಚು ಗಾಜಾಗತೊಡಗಿತ್ತು. ಕೇತ ಬಿರಡೆ ಕಿತ್ತು ಬಟ್ಟಲಿಗೆ ಬಗ್ಗಿಸಿದ. ಬಟ್ಟಲಲ್ಲಿ ನೊರೆ ಎದ್ದಿತು, ಬೆರಳೆತ್ತರ. ಹೆಚ್ಚಿಲ್ಲ, ಕಡಿಮೆಯಿಲ್ಲ. ನಿಂತಿತು.

ಧೂಮಕ ಬಟ್ಟಲು ಕಸಿದು ಒಂದೇ ಗುಟುಕಿಗೆ ಕುಡಿದ. ಪರರ ಉಸಿರು ಕಟ್ಟಿಸಿ ಬದುಕಿದವನ ಒಡಲಲ್ಲಿ ಆ ಜೀವಂತ ಉಸಿರು ನಿಲ್ಲಲಿಲ್ಲ. ಅವನು ಹೊಗೆಯಾಗಿ ಕಿಟಕಿಯಿಂದ ಹೊರಟುಹೋದ. ಬಾಚಲೆಯ ಮೈಮೇಲಿನ ಗಾಜು ಮಂಜಿನಂತೆ ಕರಗಿ ನೆಲಕ್ಕಿಳಿಯಿತು.

ಅವಳು ಸೀಸೆಯಲ್ಲಿ ಉಳಿದದ್ದನ್ನು ಬಗ್ಗಿಸಿಕೊಂಡು ಗುಟುಕರಿಸಿದಳು. ಕೇತ ಉಸಿರು ಬಿಗಿಹಿಡಿದು ನಿಂತ.

"ಹ್ಞೂಂ" ಎಂದಳು. "ಕುಡಿಯಬಹುದು."

ಅಕ್ಕನ ಬಾಯಲ್ಲಿ ಇಷ್ಟು ದೊಡ್ಡ ಹೊಗಳಿಕೆಯನ್ನು ಅವನೆಂದೂ ಕೇಳಿರಲಿಲ್ಲ. ಕೇತ ಗೊಳೋ ಎಂದು ಅತ್ತುಬಿಟ್ಟ. ಅಲ್ಲಿಂದಾಚೆಗೆ ಸ್ಫಟಿಕಪುರದವರೆಲ್ಲ ನಿರ್ಭಯವಾಗಿ, ನೆಮ್ಮದಿಯಾಗಿ ಬಾಳಿದರು.