ಕೊತ್ತಂಬರಿ ಸೇರದ ಅಮ್ಮ

"ಈ ಸೂಪಿಗೆ ಸೋಪು ಹಾಕಿದ್ದು ಯಾರು?"

ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಬಾಗಿಲಲ್ಲಿ ನಿಂತವನ ಕೈಯಲ್ಲಿ ಸ್ಟೀಲಿನ ಬಟ್ಟಲಿತ್ತು, ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ತೊಳೆಯಲು ಕೂತಿದ್ದ ಹೆಂಗಸರು ಮಾತ್ರ ನೋಡಿದ್ದು ಅವನನ್ನಲ್ಲ, ಒಲೆಯ ಮುಂದಿದ್ದ ಮುಖ್ಯ ಅಡುಗೆಯವಳನ್ನು. ಅವಳಿಗೆ ಅವರು ಹಿಂದಿನಿಂದ ಇಟ್ಟ ಹೆಸರು 'ಮೆಂತ್ಯ'. ಗಂಡ ಬಿಟ್ಟು ಹೋದ ಮೇಲೆ ಅವಳ ಬಾಯಿ ಅಷ್ಟು ಕಹಿಯಾಗಿತ್ತು.

ಅವಳು ಸೌಟು ಕೆಳಗಿಟ್ಟಳು.

"ಸೋಪಿಗೂ ಸೊಪ್ಪಿಗೂ ವ್ಯತ್ಯಾಸ ಗೊತ್ತಿಲ್ವಾ ನಿಮಗೆ? ಅದು ಕೊತ್ತಂಬರಿ ಸೊಪ್ಪು."

"ನನಗೆ ಗೊತ್ತು. ನಮ್ಮಮ್ಮನಿಗೆ ಹೇಳಿ. ಬಂದಾಗಿಂದ ಒಂದು ಚಮಚ ಒಳಗೆ ಹೋಗಿಲ್ಲ. ಬಾಯಿ ಹತ್ತಿರ ತಂದ ಕೂಡಲೇ ಮುಖ ತಿರುಗಿಸ್ತಾರೆ..."

ಅವನ ದನಿ ಕೊನೆಯಲ್ಲಿ ಬಿರುಕು ಬಿಟ್ಟಿತು. ಜಗಳಕ್ಕೆ ಬಂದವನ ಗಂಟಲಲ್ಲಿ ಅಳು ಇರುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, "ನಡೀರಿ, ನಾನೇ ಕೇಳ್ತೀನಿ" ಎಂದಳು.

ಕಿಟಕಿ ಪಕ್ಕದ ಮಂಚದಲ್ಲಿ ಹಕ್ಕಿಯಷ್ಟು ಹಗುರಾದ ಮುದುಕಿ ಮಲಗಿದ್ದರು.

"ಅಮ್ಮಾ, ನಾನು ಅಡುಗೆಯವಳು. ನಿಮಗೆ ಏನೇನು ಸೇರಲ್ಲ, ಹೇಳಿ."

ಮುದುಕಿ ಮಗನ ಕಡೆ ನೋಡಿ, ಕದ್ದು ಸಿಕ್ಕಿಬಿದ್ದವರ ಹಾಗೆ ನಕ್ಕರು. "ಕೊತ್ತಂಬರಿ ಕಣಮ್ಮ. ಹುಟ್ಟಿದಾಗಿನಿಂದ ನನಗೆ ಅದು ಬಟ್ಟೆ ಸೋಪಿನ ಹಾಗೇ."

ಮಗ ಬೆಚ್ಚಿದ. "ಏನಮ್ಮಾ ಇದು? ನಮ್ಮನೇಲಿ ಕೊತ್ತಂಬರಿ ಇಲ್ಲದ ದಿನ ಯಾವುದಿತ್ತು?"

"ನಿಮ್ಮಪ್ಪನಿಗೆ ಅದು ಇಲ್ಲದಿದ್ರೆ ಊಟ ಇಳೀತಿರಲಿಲ್ಲ. ನಾನು ಉಸಿರು ಬಿಗಿಹಿಡಿದು ನುಂಗ್ತಿದ್ದೆ. ಈಗ ಉಸಿರು ಹಿಡಿಯೋಕೆ ಶಕ್ತಿ ಇಲ್ಲ, ಅಷ್ಟೇ."

ಮಗನ ಮುಖ ಕಪ್ಪಿಟ್ಟಿತು. ಮೆಂತ್ಯ ಅದನ್ನು ಗಮನಿಸಿದಳು.

ಅಂದಿನಿಂದ ಆ ಮಂಚದ ಬಟ್ಟಲು ಬೇರೆಯಾಯಿತು. ಕೊತ್ತಂಬರಿಯ ಜಾಗಕ್ಕೆ ಎಳೆ ಈರುಳ್ಳಿ ಸೊಪ್ಪು ಬಂತು, ಮೇಲೆ ತುರಿದ ನಿಂಬೆ ಸಿಪ್ಪೆ ಒಂದು ಚಿಟಿಕೆ. ಜೀರಿಗೆ ಬೆವರಿನ ವಾಸನೆ ಎಂದು ಮುದುಕಿ ಅಂದರೆ ಹುರಿದ ಸೋಂಪು. ಲವಂಗ ಹಲ್ಲುನೋವಿನ ನೆನಪು ತರುತ್ತದೆ ಎಂದರೆ ಚಕ್ಕೆಯ ಒಂದು ಚೂರು. ಬೆಳ್ಳುಳ್ಳಿಯನ್ನು ಇಡಿಯಾಗಿ ಬೇಯಿಸಿ ತೆಗೆದುಹಾಕಿದರೆ ಅದರ ಸಾರ ಮಾತ್ರ ಉಳಿಯುತ್ತಿತ್ತು.

"ಊಟ ತನ್ನಿಚ್ಛೆ ಅಂತಾರಲ್ಲ, ನನಗೆ ಈ ವಯಸ್ಸಲ್ಲಿ ಬಂತು ನೋಡು ಆ ಭಾಗ್ಯ" ಎಂದು ಮುದುಕಿ ನಗುತ್ತಿದ್ದರು.

ಮಗ ಬೀಗ ರಿಪೇರಿ ಮಾಡುವವನು. ಬೆರಳುಗಳಲ್ಲಿ ಸದಾ ಎಣ್ಣೆಯ ಕಲೆ. ಖಾಲಿ ಬಟ್ಟಲು ವಾಪಸು ಕೊಡುವ ನೆಪದಲ್ಲಿ ಬರುತ್ತಿದ್ದ, ಆಮೇಲೆ ನೆಪವಿಲ್ಲದೆಯೂ ಬಂದ. ಉಗ್ರಾಣದ ಕೆಟ್ಟ ಬೀಗ ಸರಿಮಾಡಿಕೊಟ್ಟ. ಪಾತ್ರೆ ತೊಳೆಯುವ ಹೆಂಗಸೊಬ್ಬಳು, "ಬೀಗದವರೇ, ನಮ್ಮ ಮೆಂತ್ಯಮ್ಮನ ಬಾಯಿಗೂ ಒಂದು ಹಾಕಿಕೊಡಿ" ಎಂದಾಗ ಅವನು ತಲೆ ತಗ್ಗಿಸಿ, "ಬೇಡ. ಅವರು ಮಾತಾಡಲಿ" ಎಂದ.

ಆ ಮಧ್ಯಾಹ್ನ ಅವಳು ಹಾಲನ್ನು ಒಲೆಯ ಮೇಲೆ ಉಕ್ಕಿಸಿಬಿಟ್ಟಳು.

'ಇದೆಲ್ಲ ಬೇಡ' ಎಂದು ತನಗೆ ತಾನೇ ಹೇಳಿಕೊಂಡಳು. 'ಒಮ್ಮೆ ಸುಟ್ಟ ಕೈ...' ಆದರೂ ಬೆಳಿಗ್ಗೆ ತಲೆ ಬಾಚುವಾಗ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು.

ಊಟ ಒಳಗೆ ಹೋಗುತ್ತಿದ್ದರೂ ಮುದುಕಿ ಕರಗುತ್ತಲೇ ಹೋದರು. ಒಂದು ದಿನ ಡಾಕ್ಟರು ಮಗನನ್ನು ಹೊರಗೆ ಕರೆದು ಮಾತಾಡಿದರು. ಅವನು ಗೋಡೆಗೆ ಒರಗಿ ನಿಂತದ್ದನ್ನು ಮೆಂತ್ಯ ದೂರದಿಂದಲೇ ಕಂಡಳು. ಹತ್ತಿರ ಹೋಗಲು ಕಾಲು ಬರಲಿಲ್ಲ.

ಮರುದಿನ ಮಗ ಔಷಧಿ ತರಲು ಹೋಗಿದ್ದಾಗ ಮುದುಕಿ ಅವಳ ಕೈ ಹಿಡಿದರು.

"ಮಗಳೇ, ಇವತ್ತು ಸೂಪಿಗೆ ಕೊತ್ತಂಬರಿ ಹಾಕು. ಕೈತುಂಬಾ."

"ಏನಮ್ಮಾ? ನಿಮಗೆ ಅದು ಆಗಲ್ಲವಲ್ಲ!"

"ಆಗಲ್ಲ. ಇವತ್ತಿಗೂ ಆಗಲ್ಲ." ಮುದುಕಿ ಉಸಿರು ಸುಧಾರಿಸಿಕೊಂಡರು. "ಆದ್ರೆ ನಮ್ಮನೆ ಆ ವಾಸನೇನೇ ಬರ್ತಿತ್ತು. ಅವರು ಸಂಜೆ ಸೊಪ್ಪಿನ ಕಟ್ಟು ಹಿಡ್ಕೊಂಡು ಬಾಗಿಲಲ್ಲಿ ನಿಲ್ತಿದ್ರು, ನನಗೋಸ್ಕರ ಮಲ್ಲಿಗೆ ತಂದವರ ಹಾಗೆ. ಪಾಪ, ಅವರಿಗೇನು ಗೊತ್ತಿತ್ತು? ನಾನು ಹೇಳಲೇ ಇಲ್ಲ. ಅದು ಹಿಂಸೆ ಅಲ್ಲ ಕಣೇ. ನನಗೆ ಆ ಮುಖ ನೋಡೋದು ಇಷ್ಟ ಇತ್ತು."

ಮೆಂತ್ಯಳ ಕಣ್ಣು ತುಂಬಿತು.

"ನನ್ನ ಮಗ ಅಪ್ಪನ ಮೇಲೆ ಸಿಟ್ಟಾಗಿದ್ದಾನೆ. ನೀನು ಏನೂ ಹೇಳಬೇಡ, ನಾಳೆ ನಾನೇ ಕೂರಿಸ್ಕೊಂಡು ಹೇಳ್ತೀನಿ."

ಮುದುಕಿ ಅವಳು ತಂದ ಬಟ್ಟಲಿನ ಹಬೆಗೆ ಮುಖ ಒಡ್ಡಿ ಬಹಳ ಹೊತ್ತು ಹಾಗೇ ಇದ್ದರು. ಎರಡು ಚಮಚ ಕುಡಿದು, ಮುಖ ಕಿವಿಚಿ, ನಕ್ಕು, ನಿದ್ದೆ ಹೋದರು.

ಆಗಲೇ ಮಗ ಬಂದ. ಬಟ್ಟಲು ನೋಡಿದ. ಹಸಿರು ತೇಲುತ್ತಿತ್ತು. ಅಮ್ಮನ ಕೆನ್ನೆಯ ಮೇಲೆ ಕಣ್ಣೀರಿನ ಗೆರೆಯೂ ಇತ್ತು.

"ಕೊತ್ತಂಬರಿ... ಗೊತ್ತಿದ್ದೂ ಹಾಕಿದ್ರಾ?"

ಅವಳು ಬಾಯಿ ತೆರೆದಳು. 'ನಾಳೆ ನಾನೇ ಹೇಳ್ತೀನಿ' ಎಂದ ಮುದುಕಿಯ ಮಾತು ನೆನಪಾಯಿತು. ಮತ್ತೆ ಮುಚ್ಚಿದಳು.

"ಹೊತ್ತಾಗಿತ್ತು, ಬೇರೆ ಮಾಡೋಕೆ ಬೇಜಾರು, ಅಲ್ವಾ?" ಅವನು ಪಿಸುದನಿಯಲ್ಲೇ ಕೇಳಿದ, ಅದೇ ಹೆಚ್ಚು ಚುಚ್ಚಿತು. "ನಿಮಗೆ ಇದು ಇನ್ನೊಂದು ಮಂಚ ಅಷ್ಟೇ. ನಾನೇ ದಡ್ಡ. ಬೇರೆ ಏನೋ ಅಂದ್ಕೊಂಡುಬಿಟ್ಟಿದ್ದೆ."

ಅವಳು ಬಟ್ಟಲು ತೆಗೆದುಕೊಂಡು ಹೊರಟಳು. ಅಡುಗೆಮನೆಗೆ ಬರುವವರೆಗೂ ಅಳಲಿಲ್ಲ.

ಮುದುಕಿಗೆ ಆ ನಾಳೆ ಸಿಗಲಿಲ್ಲ. ಬೆಳಕು ಹರಿಯುವ ಮುಂಚೆಯೇ ಮಂಚ ಖಾಲಿಯಾಗಿತ್ತು. ಮೆಂತ್ಯ ಕೆಲಸಕ್ಕೆ ಬಂದಾಗ ಆಯಾ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು.

ವಾರಗಳು ಕಳೆದವು. ಅವಳಿಗೆ ತನ್ನ ಮೇಲೆ ಬಂದ ಮಾತು ಅಷ್ಟು ನೋಯಿಸಲಿಲ್ಲ. ಅಂಥವು ಅವಳಿಗೆ ಅಭ್ಯಾಸವಾಗಿದ್ದವು. ನಿದ್ದೆ ಕೆಡಿಸಿದ್ದು ಬೇರೆ. ಅಮ್ಮ ಕೊನೆಗೆ ನುಂಗಿದ್ದು ಹಿಂಸೆಯೆಂದೇ ಅವನು ತಿಳಿದಿದ್ದಾನೆ. ಅಪ್ಪನನ್ನು ದ್ವೇಷಿಸುತ್ತಲೇ ಬದುಕುತ್ತಾನೆ. 'ಹೇಳಬೇಡ ಅಂದವರು ಹೇಳೋಕೆ ಉಳಿಯಲಿಲ್ಲ. ಇನ್ನು ಆ ಮಾತು ಯಾರ ಹತ್ತಿರ ಇದೆ, ನನ್ನ ಹತ್ತಿರ ಬಿಟ್ಟು?'

ಒಂದು ಸಂಜೆ ಅವಳು ಅವನ ಅಂಗಡಿ ಹುಡುಕಿಕೊಂಡು ಹೋದಳು. ಗೋಡೆ ತುಂಬ ಬೀಗದ ಕೈಗಳು ತೂಗುತ್ತಿದ್ದ ಸಣ್ಣ ಗೂಡು ಅದು. ಅವಳನ್ನು ಕಂಡು, ಬೀಗದ ಕೈ ಉಜ್ಜುತ್ತಿದ್ದ ಅವನ ಕೈಯಿಂದ ಅರ ಜಾರಿ ಬಿತ್ತು.

"ನಾನು ಕೂರೋಕೆ ಬಂದಿಲ್ಲ" ಎಂದಳು. "ನಿಮ್ಮಮ್ಮ ಹೇಳಬೇಕಿದ್ದ ಮಾತೊಂದಿದೆ. ಕೇಳಿ, ಹೋಗ್ತೀನಿ."

ನಿಂತೇ ಹೇಳಿದಳು. ಕೈತುಂಬಾ ಹಾಕು ಎಂದದ್ದು, ಸೊಪ್ಪಿನ ಕಟ್ಟು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ ಅವನ ಅಪ್ಪ, ಮಲ್ಲಿಗೆ, ಆ ಮುಖ... ಒಂದೂ ಬಿಡದೆ.

ಅವನು ಸ್ಟೂಲಿನ ಮೇಲೆ ಕುಸಿದ. ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಅವಳು ಬಾಗಿಲಿಗೆ ಅಡ್ಡವಾಗಿ, ಅವನು ಯಾರಿಗೂ ಕಾಣದಂತೆ ನಿಂತಳು.

"ಅಪ್ಪನ ಫೋಟೋ ಗೋಡೆಯಿಂದ ಇಳಿಸಿಬಿಟ್ಟಿದ್ದೆ" ಎಂದ ಕೊನೆಗೆ. "ಅವತ್ತೇ ಯಾಕೆ ಹೇಳಲಿಲ್ಲ ನೀವು?"

"ಅದು ಅವರ ಮಾತು. ನನ್ನ ಬಾಯಿಂದ ಬರಬಾರದಿತ್ತು."

"ನಾನು ಅಷ್ಟು ಅಂದೆನಲ್ಲ..."

"ಅಂದ್ರಿ." ಅವಳು ತಿರುಗಿದಳು. "ಬರ್ತೀನಿ."

"ಆಸ್ಪತ್ರೆ ಗೇಟಿನವರೆಗೂ ಎಷ್ಟು ಸಲ ಬಂದೆ ಗೊತ್ತಾ?" ಅವನ ದನಿ ಬೆನ್ನ ಹಿಂದಿನಿಂದ ಬಂತು. "ಏನು ನಡೆದಿತ್ತು ಅಂತ ನನಗೆ ಗೊತ್ತಿರಲಿಲ್ಲ. ಆದ್ರೂ ಬಂದೆ. ಕ್ಷಮೆ ಕೇಳೋಣ ಅಂತ. ಯಾವ ಮುಖ ಇಟ್ಕೊಂಡು ಒಳಗೆ ಬರಲಿ ಅಂತ ವಾಪಸ್ ಹೋದೆ."

ಅವಳ ಹೆಜ್ಜೆ ನಿಂತಿತು.

"ಅಮ್ಮ ಇಲ್ಲದ ಮನೆ ಖಾಲಿ ಹೊಡೀತಿರಬೇಕು" ಎಂದಳು, ಮುಖ ತಿರುಗಿಸದೆ. "ಒಲೆ ಹಚ್ಚೋಕೆ ಒಬ್ಬಳು ಬೇಕು ಅನಿಸ್ತಿರಬಹುದು. ಅದಕ್ಕೆ ನಾನು ಆಗಲ್ಲ. ಮೊದಲನೆಯವರಿಗೂ ನಾನು ಒಲೆ ಮುಂದೆ ಮಾತ್ರ ಕಾಣ್ತಿದ್ದೆ."

"ಒಲೆ ನಾನೇ ಹಚ್ಕೋತೀನಿ. ಅನ್ನ ಸೀದು ಹೋಗುತ್ತೆ, ಅದನ್ನೇ ತಿಂತೀನಿ." ಅವನು ಎದ್ದು ಬಂದು, ಒಂದು ಮಾರು ದೂರದಲ್ಲಿ ನಿಂತ. "ಅಮ್ಮ ಇದ್ದಾಗಲೇ ನೀವು ಇಷ್ಟ ಆಗಿದ್ರಿ. ಅವರಿಗೆ ಗೊತ್ತಿತ್ತು. ನಿಮಗೆ ಹೇಳೋಕೆ ಧೈರ್ಯ ಬರೋ ಮುಂಚೆ ಸಿಟ್ಟು ಬಂದುಬಿಡ್ತು."

ಎದುರಿನ ಅಂಗಡಿಗಳಲ್ಲಿ ದೀಪಗಳು ಹತ್ತಿಕೊಂಡವು.

"ನನಗೂ ಅವರು ತುಂಬ ನೆನಪಾಗ್ತಾರೆ" ಎಂದಳು ಕೊನೆಗೆ. ಅಷ್ಟು ಹೇಳುವಷ್ಟರಲ್ಲಿ ಇಷ್ಟು ದಿನ ತಡೆದದ್ದೆಲ್ಲ ಒಡೆದು ಬಂತು.

ಅವನು ಸ್ಟೂಲು ತಂದು ಅವಳ ಪಕ್ಕದಲ್ಲಿಟ್ಟ.

"ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ ಅಂದೆನಲ್ಲ."

"ಹೂಂ, ಅಂದ್ರಿ. ಸ್ವಲ್ಪ ಹೊತ್ತು ಅಷ್ಟೇ. ಅಮ್ಮನ ಬಗ್ಗೆ ಮಾತಾಡೋಕೆ ನನಗೆ ಬೇರೆ ಯಾರೂ ಇಲ್ಲ."

ಅವಳು ಕಣ್ಣೊರೆಸಿಕೊಂಡು ಕೂತಳು. ಅವನು ಅಂಗಡಿಯ ಮೆಟ್ಟಿಲ ಮೇಲೆ, ಅವಳ ಕಾಲ ಬಳಿ ಕೂತ.

"ಹೇಳಿ" ಎಂದಳು. "ಚಿಕ್ಕವರಿದ್ದಾಗ ನಿಮ್ಮನ್ನ ಏನಂತ ಕರೀತಿದ್ರು?"